ಇಬ್ಬರು ಬೇಕಾದ ಲ್ಯಾಪ್‌ಟಾಪ್

ಜಪ್ಪಯ್ಯ ಅಂದರೂ ಆ ಲ್ಯಾಪ್‌ಟಾಪ್ ಏಳಲಿಲ್ಲ. ಅಕ್ಕ ಗುಂಡಿ ಒತ್ತಿದಳು. ಪಕ್ಕದಲ್ಲಿ ಪುಟ್ಟ ಹಸಿರು ದೀಪ ಹತ್ತಿತು, ಒಳಗೆಲ್ಲೋ ಫ್ಯಾನು ಬುರ್ರೆಂದಿತು, ಪರದೆ ಮಾತ್ರ ಮುಖ ಗಂಟಿಕ್ಕಿಕೊಂಡು ಕಪ್ಪಗೆ ಕೂತೇ ಇತ್ತು. ಆರಿಸಿ ಮತ್ತೆ ಒತ್ತಿದಳು. ಮತ್ತೆ ಅದೇ ದೀಪ, ಅದೇ ಬುರ್ರು. "ಏಳು ಹಾಳಾದ್ದೇ, ಬೆಳಗಾಗಿ ಎಷ್ಟು ಹೊತ್ತಾಯ್ತು!" ಎಂದು ಗದರಿದಳು. ಗದರಿದರೆ ಏಳುವ ಹಾಗಿದ್ದಿದ್ದರೆ ಆ ಮನೆಯಲ್ಲಿ ಯಾವ ಸಾಮಾನೂ ಯಾವತ್ತೂ ಕೆಡುತ್ತಿರಲಿಲ್ಲ, ಅಂಥ ಬಾಯಿ ಅವಳದು.

ಅಕ್ಕ ಅಂದರೆ ಯಾರಿಗೆ ಅಕ್ಕ ಅಂತ ಹೇಳಬೇಕಲ್ಲ. ಒಬ್ಬಳೇ ಒಬ್ಬ ತಂಗಿಗೆ ಅಕ್ಕ. ಅಪ್ಪ ಅಮ್ಮ ಹೋದ ಮೇಲೆ ಅಕ್ಕತಂಗಿಯರಿಬ್ಬರೂ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಂದು ಕಸೂತಿ ಮೆಷಿನ್ ಇಟ್ಟುಕೊಂಡು ಬದುಕು ಕಟ್ಟಿಕೊಂಡವರು. ಶಾಲೆ ಮಕ್ಕಳ ಬ್ಯಾಡ್ಜು, ಹೋಟೆಲಿನ ಟವೆಲು, ಕಂಪನಿಯವರ ಟೋಪಿ, ಎಲ್ಲದರ ಮೇಲೂ ಹೂವೋ ಹೆಸರೋ ಹೊಲಿದುಕೊಡುವುದು ಕೆಲಸ. ತಂಗಿ ಚಿತ್ರ ಬರೆದು ಲ್ಯಾಪ್‌ಟಾಪಿಗೆ ತುಂಬುವವಳು, ಅಕ್ಕ ದಾರ ಪೋಣಿಸಿ ಬಟ್ಟೆ ಬಿಗಿದು ಹೊಲಿಸುವವಳು. ಹಳೇ ಕಾಲದ ಆ ಮೆಷಿನ್ನಿಗೆ ಸ್ವಂತ ಬುದ್ಧಿ ಅಂತ ಒಂದಿಷ್ಟೂ ಇಲ್ಲ. ಲ್ಯಾಪ್‌ಟಾಪ್ ವೈರಿನಲ್ಲಿ ಹೇಳುತ್ತಾ ಹೋದ ಹಾಗೆ ಸೂಜಿ ಓಡಬೇಕು. ನಡುವೆ ಲ್ಯಾಪ್‌ಟಾಪ್ ಸುಮ್ಮನಾಯಿತೋ, ಸೂಜಿ ಇದ್ದಲ್ಲೇ ನಿಂತು ಆ ಬಟ್ಟೆಯ ಕಥೆ ಮುಗಿದ ಹಾಗೆ. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮತ್ತೆ ಹಿಡಿಯಲು ಅದಕ್ಕೆ ಬರುವುದಿಲ್ಲ.

ಹೀಗೆ ನಡೆಯುತ್ತಿದ್ದ ಮನೆಗೆ ಒಂದು ದಿನ ಹಲ್ಲಿನ ಸೆಟ್ಟು ಮಾಡುವವನೊಬ್ಬ ಬಂದ. ಬಿಳಿ ಕೋಟಿನ ಜೇಬಿನ ಮೇಲೆ ಹೆಸರು ಹೊಲಿಸಿಕೊಳ್ಳಬೇಕಾಗಿತ್ತಂತೆ. ಒಂದು ಕೋಟು ತಂದ, ಎರಡನೇದು ತಂದ, ಆಮೇಲೆ ಕೋಟಿಲ್ಲದೆಯೂ ಬರತೊಡಗಿದ. ಅಕ್ಕನಿಗೆ ವಾಸನೆ ಹತ್ತುವಷ್ಟರಲ್ಲಿ ಮಾತುಕತೆ ಮುಗಿದೇ ಹೋಗಿತ್ತು. ತಲೆ ಅರ್ಧ ನರೆತ ಮೇಲೆ ತಂಗಿಗೆ ಮದುವೆ! ಅಕ್ಕ ಮದುವೆಯಲ್ಲಿ ಹಲ್ಲು ಬಿಟ್ಟುಕೊಂಡು ಓಡಾಡಿದಳು, ಫೋಟೋದಲ್ಲೆಲ್ಲ ಅವಳದೇ ನಗು. ತಂಗಿಯನ್ನು ಗಂಡನೂರಿಗೆ ಕರೆದೊಯ್ಯುವ ರೈಲು ಹೊರಟ ಮೇಲೆ ಮನೆಗೆ ಬಂದು ತಂಗಿಯ ಕುರ್ಚಿಯನ್ನು ಗೋಡೆಗೆ ತಿರುಗಿಸಿಟ್ಟಳು. ಅಲ್ಲಿಂದ ಮುಂದೆ ತಾನಾಗಿ ಒಂದು ಫೋನ್ ಮಾಡಿದ್ದಿಲ್ಲ. ತಂಗಿ ಮಾಡಿದರೆ "ಹೂಂ", "ಊಟ ಆಯ್ತು", "ಇಡ್ತೀನಿ", ಇಷ್ಟೇ ಮಾತು. ಸಿಟ್ಟು ಅಂದರೆ ಸಿಟ್ಟಲ್ಲ. ಮನೆಯಲ್ಲಿ ಬೈಯಲು ಯಾರೂ ಇಲ್ಲದ ಸಂಕಟ ಅದು. ಅದನ್ನು ಫೋನಿನಲ್ಲಿ ಹೇಗೆ ಹೇಳುವುದು?

ತಂಗಿಯ ಮದುವೆಯಾದಾಗಿನಿಂದ ಅಕ್ಕ ಲ್ಯಾಪ್‌ಟಾಪಿನ ಗೊಡವೆಗೇ ಹೋಗಿರಲಿಲ್ಲ. ಸೀರೆ ಅಂಚು, ಬಟನ್ನು, ಹರಿದದ್ದು ಚಿಂದಿಯಾದದ್ದು, ಕೈಹೊಲಿಗೆಯಲ್ಲೇ ದಿನ ದೂಡುತ್ತಿದ್ದಳು. ಅಷ್ಟರಲ್ಲಿ ಹಳೇ ಗಿರಾಕಿ ಬ್ಯಾಂಡ್ ಮೇಷ್ಟ್ರು ಬಂದು ಹೊಸ ಕೋಟುಗಳ ಗಂಟನ್ನೇ ಮೇಜಿನ ಮೇಲೆ ಹಾಕಿದರು. "ಹಿಂದಿನ ಸಲದ್ದೇ ತುತ್ತೂರಿ ಚಿತ್ರ, ಅದೇ ಜೇಬಿನ ಮೇಲೆ. ಶನಿವಾರ ನಮ್ಮ ಕಾರ್ಯಕ್ರಮ. ನಿಮ್ಮನ್ನೇ ನಂಬಿದೀನಿ" ಅಂದರು. ಅಕ್ಕ "ಆಗಲಿ ಬಿಡಿ, ಅದೇನು ಮಹಾ" ಅಂದಳು. ಬೇರೆಯವರನ್ನು ನೋಡಿಕೊಳ್ಳಿ ಅಂದಿದ್ದರೆ ತಂಗಿಯಿಲ್ಲದೆ ಅಂಗಡಿ ಮುಚ್ಚಿತು ಅಂತ ಊರಿಗೆಲ್ಲ ಹೇಳಿದಂತಾಗುತ್ತಿತ್ತು. ಹಾಗೆ ಒಪ್ಪಿಕೊಂಡದ್ದರ ಫಲವಾಗಿ ಈಗ ಈ ಕಪ್ಪು ಪರದೆಯೆದುರು ಕೂತಿದ್ದಾಳೆ.

ಅವಳೇನು ಸುಮ್ಮನೆ ಕೈಕಟ್ಟಿ ಕೂರಲಿಲ್ಲ. ಚಾರ್ಜರಿನ ಪ್ಲಗ್ ಬೇರೆ ಕಡೆ ಚುಚ್ಚಿದಳು. ಬ್ಯಾಟರಿ ಕಳಚಿ, ಸೆರಗಿನಲ್ಲಿ ಒರೆಸಿ, ಮತ್ತೆ ಕೂರಿಸಿದಳು. ಗುಂಡಿಯನ್ನು ಬೆರಳು ನೋಯುವವರೆಗೂ ಅದುಮಿ ಹಿಡಿದು ಬಿಟ್ಟಳು. ಕೋಣೆಯ ದೀಪ ಆರಿಸಿ, ಪರದೆಗೆ ಮೂಗು ತಾಗಿಸಿ, ಏನಾದರೂ ಮಸುಕಾಗಿ ಕಾಣುತ್ತದೆಯೋ ಅಂತ ನೋಡಿದಳು. ಕಂಡದ್ದು ಅವಳದೇ ಮುಖ. ಅದನ್ನು ನೋಡುವ ಆಸೆ ಅವಳಿಗಿರಲಿಲ್ಲ.

ಕೊನೆಗೆ ಚೀಲಕ್ಕೆ ಹಾಕಿಕೊಂಡು ದೊಡ್ಡ ರಸ್ತೆಯ ರಿಪೇರಿ ಅಂಗಡಿಗೆ ನಡೆದಳು. ರಿಪೇರಿಯವನು ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಏರಿಸಿ, ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ ತಲೆ ಕೆರೆದುಕೊಂಡ.

"ಅಮ್ಮಾ, ಇಲ್ಲಿ ಎಡಗಡೆ ಮೂಲೇಲಿ ಬೆಸುಗೆ ಬಿಟ್ಟಿದೆ. ಇವತ್ತು ನಿನ್ನೆ ಬಿಟ್ಟಿದ್ದಲ್ಲ, ವರ್ಷಗಳೇ ಆಗಿರಬೇಕು. ಇಷ್ಟು ದಿನ ಇದನ್ನ ಹೇಗೆ ಆನ್ ಮಾಡ್ತಿದ್ರಿ?"

"ಹೇಗೆ ಮಾಡ್ತಾರೆ? ಗುಂಡಿ ಒತ್ತಿ."

"ಬರೀ ಗುಂಡಿನಾ?"

"ಮತ್ತೇನು, ಕಾಲು ಒತ್ತಲಾ ಅದರದ್ದು!"

ಅವನು ನಕ್ಕ. ಹೊಸ ಬೆಸುಗೆ ಹಾಕಲು ಹೋದರೆ ಬೋರ್ಡು ಪೂರ್ತಿ ಸುಟ್ಟುಹೋದೀತು, ತಾನು ಆ ಪಾಪ ಕಟ್ಟಿಕೊಳ್ಳುವುದಿಲ್ಲ ಅಂದ. ಹೊಸ ಲ್ಯಾಪ್‌ಟಾಪ್ ಕೊಂಡರೆ ಈ ಹಳೇ ಕಸೂತಿ ಪ್ರೋಗ್ರಾಮ್ ಅದಕ್ಕೆ ಹತ್ತುವುದಿಲ್ಲ ಅಂತಲೂ ಹೇಳಿದ. ಮುಚ್ಚಳ ಹಾಕಿ ಕೊಡುತ್ತಾ, "ಯಾರೋ ಇದನ್ನ ಉಪಾಯವಾಗಿ ಏಳಿಸ್ತಿದ್ರಮ್ಮ. ಅವರನ್ನೇ ಕೇಳಿ" ಅಂದ.

ಯಾರೋ ಅಂದರೆ ಇನ್ಯಾರು? ಮನೆಗೆ ಬಂದು ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. ಎತ್ತಿಕೊಂಡಳು. ಮತ್ತೆ ಇಟ್ಟಳು. ಪಾತ್ರೆ ತೊಳೆದು ಬಂದಳು. ತೊಳೆದದ್ದನ್ನೇ ಇನ್ನೊಂದು ಸಲ ತೊಳೆದಳು. ಆಮೇಲೆ, ಹಾಳಾಗಿ ಹೋಗಲಿ ಅಂತ ನಂಬರ್ ಒತ್ತಿಯೇಬಿಟ್ಟಳು.

"ಅಕ್ಕಾ!" ತಂಗಿ ಕಿರುಚಿದಳು. "ಏನಾಯ್ತು? ಹುಷಾರಿಲ್ವಾ? ಬಿದ್ಯಾ?"

"ನಾನ್ಯಾಕೆ ಬೀಳಲಿ! ಈ ನಿನ್ನ ಲ್ಯಾಪ್‌ಟಾಪ್ ಏಳ್ತಿಲ್ಲ. ದೀಪ ಬರುತ್ತೆ, ಮುಖ ಬರಲ್ಲ."

"ಎಡಗಡೆ ಮೂಲೆ ಒತ್ತಿದ್ಯಾ?"

"ಯಾವ ಮೂಲೆ?"

ತಂಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಕೀಬೋರ್ಡಿನ ಮೇಲೆ, ಎಡಗಡೆ ಮೂಲೆಯಲ್ಲಿ, ಎರಡು ಹೆಬ್ಬೆರಳನ್ನೂ ಜೋಡಿಸಿ ಒತ್ತಬೇಕು. ಉಳಿದ ಬೆರಳುಗಳಿಂದ ಅದರ ಅಡಿಯನ್ನು ಮೇಲಕ್ಕೆತ್ತಿ ಹಿಡಿಯಬೇಕು. ಹಿಡಿದಿರುವಾಗಲೇ ಇನ್ನೊಬ್ಬರು ಗುಂಡಿ ಒತ್ತಬೇಕು, ಅಕ್ಷರ ಮೂಡಿದ ತಕ್ಷಣ ಮೇಲಿನ ಸಾಲಿನ ಒಂದನೇ ಕೀ ತಟ್ಟಬೇಕು. ಲ್ಯಾಪ್‌ಟಾಪಿನ ಮೈ ಬೆಚ್ಚಗಾಗುವ ತನಕ ಕೈ ಬಿಡುವಂತಿಲ್ಲ. ಬೆಚ್ಚಗಾದರೆ ಆಮೇಲೆ ತಾನೇ ನಡೆಯುತ್ತದೆ.

ಅಕ್ಕ ಕುರ್ಚಿಯಲ್ಲಿ ಕುಸಿದಳು. ದಿನಾ ಬೆಳಗ್ಗೆ ತಂಗಿ ನಿದ್ದೆಗಣ್ಣಲ್ಲಿ ಬಂದು, ಲ್ಯಾಪ್‌ಟಾಪಿನ ಮೂಲೆಗೆ ಎರಡೂ ಕೈ ಊರಿ, ಅದರ ಮೇಲೇ ತೂಕಡಿಸುತ್ತಾ ನಿಲ್ಲುತ್ತಿದ್ದಳಲ್ಲ! ಅಕ್ಕ ಗುಂಡಿ ಒತ್ತಿ, ಕೀ ತಟ್ಟುತ್ತಾ, "ನೆಟ್ಟಗೆ ನಿಲ್ಲೋಕೂ ಕಷ್ಟವೇನೇ ಮೈಗಳ್ಳಿ? ಎಲ್ಲ ನಾನೇ ಮಾಡಬೇಕು ಈ ಮನೇಲಿ" ಅಂತ ಬೈಯುತ್ತಿದ್ದಳು. ಅದೂ ಒಂದು ದಿನವಲ್ಲ, ಎರಡು ದಿನವಲ್ಲ.

"ಇದನ್ನ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದೆ ಅಕ್ಕಾ. ಸಾಕು ಸುಮ್ಮನಿರು, ನಾನು ಒತ್ತಿದರೆ ಏಳುತ್ತೆ ಅಂದೆ ನೀನು. ನಿನಗೆ ಖುಷಿ ಇತ್ತಲ್ಲ, ನಾನೂ ಸುಮ್ಮನಾದೆ."

ಅಕ್ಕ ಲ್ಯಾಪ್‌ಟಾಪಿನ ಎಡಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

"ಶನಿವಾರದೊಳಗೆ ನಾನು ಬರೋಕೆ ಆಗಲ್ಲ ಅಕ್ಕಾ, ಇವರಿಗೆ ಜ್ವರ. ಯಾರನ್ನಾದರೂ ಕರಿ. ಒಂದೈದು ನಿಮಿಷ ಹಿಡಿದರೆ ಸಾಕು."

"ಜನಕ್ಕೇನು ಬರವೇ ಇಲ್ಲಿ? ಇದ್ದಾರೆ ಬೇಕಾದಷ್ಟು. ನೀನು ಗಂಡನ್ನ ನೋಡಿಕೋ" ಅಂತ ಅಕ್ಕ ಫೋನ್ ಇಟ್ಟಳು.

ಜನಕ್ಕೆ ಬರವಿಲ್ಲ, ಸರಿ. ಯಾರು ಆ ಜನ? ಅಕ್ಕ ಕೂತು ಯೋಚಿಸಿದಳು. ದಾರದ ಅಂಗಡಿಯವನು ಫೋನಿನಲ್ಲಿ ಮಾತ್ರ ಗೊತ್ತು. ಹಾಲಿನವನು ಬಾಗಿಲಲ್ಲಿ ಪೊಟ್ಟಣ ಇಟ್ಟು ಹೋಗುತ್ತಾನೆ, ಮುಖವನ್ನೇ ನೋಡಿದ್ದಿಲ್ಲ. ಕೆಳಗಿನ ಮನೆಯವರ ಜೊತೆ ಎಂದೋ ನೀರಿನ ಟ್ಯಾಂಕಿಗೆ ಜಗಳವಾಗಿ ಮಾತು ನಿಂತಿದೆ. ಬ್ಯಾಂಡ್ ಮೇಷ್ಟ್ರನ್ನು ಕೇಳಿದರೆ ಮಾನ ಹೋಗುತ್ತದೆ. ಇಷ್ಟು ವರ್ಷ ಈ ಬೀದಿಯಲ್ಲಿದ್ದು, ಒಂದೈದು ನಿಮಿಷ ಬಂದು ಇದನ್ನು ಹಿಡಿದುಕೊಳ್ಳಿ ಅಂತ ಕೇಳಬಹುದಾದ ಒಬ್ಬರೂ ಇಲ್ಲವಲ್ಲಪ್ಪ! ಇಬ್ಬರಿಗೆ ಇಬ್ಬರು ಇದ್ದೇವೆ ಅಂತ ಬೇರೆ ಯಾರನ್ನೂ ಹತ್ತಿರ ಬಿಟ್ಟುಕೊಂಡಿರಲಿಲ್ಲ. ಈಗ ಆ ಇಬ್ಬರಲ್ಲಿ ಒಬ್ಬಳು ಎದ್ದುಹೋಗಿದ್ದಳು. ಲ್ಯಾಪ್‌ಟಾಪ್ ಏಳದಿದ್ದರೆ ಕೋಟಿನ ಕೆಲಸ ಕೆಡುತ್ತದೆ ನಿಜ. ಆದರೆ ಅವಳನ್ನು ಕಾಡಿದ್ದು ಕೋಟಿನ ಚಿಂತೆಯಲ್ಲ. ನಾಳೆ ತಾನು ನಿಜಕ್ಕೂ ಬಿದ್ದರೆ ಎತ್ತುವುದಕ್ಕೂ ಯಾರಿಲ್ಲ ಅನ್ನುವುದು.

ಹಠ ಮಾತ್ರ ಬಿಡುವವಳಲ್ಲ. ಒಬ್ಬಳೇ ಮಾಡಿ ತೋರಿಸುತ್ತೇನೆ ಅಂತ ಸೆರಗು ಸಿಕ್ಕಿಸಿದಳು. ಯಾರಿಗೆ ತೋರಿಸುವುದೋ ಅವಳಿಗೇ ಗೊತ್ತು. ಮೂಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಳು, ಅದು ಜಾರಿ ಕಾಲಿನ ಮೇಲೆ ಬೀಳುವುದರಲ್ಲಿತ್ತು. ಬಟ್ಟೆ ಬಿಗಿಯುವ ಚೌಕಟ್ಟಿನ ಕ್ಲಿಪ್ಪು ಹಾಕಿದಳು, ಪ್ಲಾಸ್ಟಿಕ್ಕು ಕರಕ್ ಎಂದಿತು, ಗಡಬಡಿಸಿ ತೆಗೆದಳು. ಕೊನೆಗೆ ಎರಡೂ ಕೈಯಲ್ಲಿ ಮೂಲೆ ಹಿಡಿದು, ಬಗ್ಗಿ, ಗುಂಡಿಯನ್ನು ಮೂಗಿನಿಂದ ಒತ್ತಿದಳು. ಏನಾಶ್ಚರ್ಯ, ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು! ಇನ್ನು ಒಂದನೇ ಕೀ ತಟ್ಟಬೇಕು. ಮೂಗನ್ನು ಅತ್ತ ಒಯ್ಯುವಾಗ ಕನ್ನಡಕ ಕಳಚಿತು, ಕನ್ನಡಕ ಹಿಡಿಯಲು ಕೈ ಬಿಟ್ಟಳು, ಪರದೆ ಆರಿತು. ಕನ್ನಡಕವಿಲ್ಲದ ಆ ಮಬ್ಬಿನಲ್ಲಿ, ಮೂಗಿನ ತುದಿ ಕೆಂಪಗೆ ಮಾಡಿಕೊಂಡು, ಅಕ್ಕ ಅಳತೊಡಗಿದಳು. ನಗಬೇಕಾದ ವಿಷಯವೇ ಅದು. ನಗಲು ಇನ್ನೊಬ್ಬರು ಇದ್ದಿದ್ದರೆ ನಗುತ್ತಿದ್ದಳು.

ಆಗ ಎದುರುಮನೆಯ ಬಾಗಿಲು ಧಡಾರ್ ಎಂದಿತು.

ಎದುರುಮನೆಯಲ್ಲಿರುವವಳು ಒಬ್ಬಂಟಿ ಹೆಂಗಸು, ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ನಾದುವ ಕೆಲಸ. ಕೋಳಿ ಕೂಗುವ ಮೊದಲೇ ಹೋಗುತ್ತಾಳೆ, ಮಧ್ಯಾಹ್ನಕ್ಕೆ ಬರುತ್ತಾಳೆ. ಹೋಗುವಾಗಲೂ ಬರುವಾಗಲೂ ಬಾಗಿಲನ್ನು ಹಾಕುವ ರಭಸಕ್ಕೆ ಅಕ್ಕತಂಗಿಯರು ಅವಳಿಗೆ ಧಡಾರಮ್ಮ ಅಂತಲೇ ಹೆಸರಿಟ್ಟು, ಬೆನ್ನ ಹಿಂದೆ ಕಿಸಿಕಿಸಿ ನಗುತ್ತಿದ್ದರು. ಹಿಂದೊಮ್ಮೆ ಅವಳು, ಮಧ್ಯಾಹ್ನ ಮಲಗಲು ಮೆಷಿನ್ ಸದ್ದು ಬಿಡುವುದಿಲ್ಲ ಅಂತ ಮನೆ ಮಾಲೀಕನಿಗೆ ದೂರು ಹೇಳಿದ್ದಳು. ಅಲ್ಲಿಂದ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುವುದು ರೂಢಿ.

ಅಕ್ಕ ಮುಖ ತೊಳೆದಳು, ಬಾಗಿಲ ತನಕ ಹೋದಳು, ವಾಪಸ್ಸು ಬಂದಳು, ಮತ್ತೆ ಹೋದಳು. ಅವಳ ಕೈ ಎದುರುಮನೆಯ ಬಾಗಿಲು ತಟ್ಟಿದ್ದು ಇದೇ ಮೊದಲು.

ಧಡಾರಮ್ಮ ಬಾಗಿಲು ತೆರೆದಳು. ಹುಬ್ಬಿನ ಮೇಲೆಲ್ಲ ಹಿಟ್ಟು.

"ಏನು? ನಾನೇನು ದೂರು ಹೇಳಿಲ್ಲ ಈ ಸಲ."

"ದೂರಲ್ಲ," ಅಂದಳು ಅಕ್ಕ. "ಒಂದು ಸಣ್ಣ ಕೆಲಸ. ನಮ್ಮ ಮನೇಲಿ ಒಂದು ವಸ್ತು ಹಿಡ್ಕೊಬೇಕಿತ್ತು. ಒಂದೈದು ನಿಮಿಷ. ಆಗಲ್ಲ ಅಂದ್ರೆ ಬೇಡ."

"ನಿಮ್ಮ ತಂಗಿ ಎಲ್ಲಿ?"

"ಮದುವೆಯಾಗಿ ಹೋದಳು."

"ಓ! ಅದಕ್ಕೇನಾ ಮೆಷಿನ್ ಸದ್ದಿಲ್ಲದ್ದು? ನಾನು ನೀವು ಮನೆ ಖಾಲಿ ಮಾಡಿದ್ರಿ ಅಂದ್ಕೊಂಡೆ." ಧಡಾರಮ್ಮ ಕೈ ಒರೆಸಿಕೊಂಡಳು. "ನಿಜ ಹೇಳ್ಲಾ? ಮಧ್ಯಾಹ್ನ ನಿದ್ದೇನೇ ಬರ್ತಿಲ್ಲ ನನಗೆ. ಆ ಟಕಟಕ ಕೇಳಿ ಕೇಳಿ ಅಭ್ಯಾಸ ಆಗೋಗಿತ್ತು. ನಡೀರಿ, ಏನು ಹಿಡೀಬೇಕು?"

ಎಲ್ಲಿ ಒತ್ತಬೇಕು, ಎಲ್ಲಿ ಎತ್ತಬೇಕು ಅಂತ ಅಕ್ಕ ತೋರಿಸಿದಳು. ಗೋಡೆಗೆ ತಿರುಗಿಸಿದ್ದ ಕುರ್ಚಿಯನ್ನು ಎಳೆದು ಹಾಕಿದಳು. ಹಿಟ್ಟು ನಾದಿದ ಕೈ ಅದು, ಹೆಬ್ಬೆರಳು ಊರಿದ್ದೇ ಊರಿದ್ದು, ಒಂದು ಕೂದಲಿನಷ್ಟೂ ಅಲುಗಲಿಲ್ಲ. ಅಕ್ಕ ಗುಂಡಿ ಒತ್ತಿದಳು. ಅಕ್ಷರ ಮೂಡಿತು. ಕೀ ತಟ್ಟಿದಳು. ಪರದೆ ನೀಲಿಯಾಗಿ, ಬೆಳ್ಳಗಾಗಿ, ತಂಗಿ ಬರೆದಿಟ್ಟ ಚಿತ್ರಗಳೆಲ್ಲ ಸಾಲಾಗಿ ಕಣ್ಣು ಬಿಟ್ಟವು.

"ಅಬ್ಬಾ, ಬಂತು!" ಅಂತ ಇಬ್ಬರೂ ಒಟ್ಟಿಗೇ ಕೂಗಿದರು. ಕೂಗಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು.

"ಬಿಡಲಾ?"

"ಇನ್ನೂ ಬೆಚ್ಚಗಾಗಿಲ್ಲ. ಇನ್ನೊಂದು ಸ್ವಲ್ಪ" ಅಂದಳು ಅಕ್ಕ. ಬೆಚ್ಚಗಾಗಿತ್ತು. ಟೀ ಮಾಡಿ ತಂದ ಮೇಲೆಯೇ ಬಿಡಿಸಿದಳು.

ಟೀ ಕುಡಿಯುತ್ತಾ ಧಡಾರಮ್ಮ ತನ್ನ ಬಾಗಿಲಿನ ಕಥೆ ಹೇಳಿದಳು. ಅದರ ಚೌಕಟ್ಟು ಊದಿಕೊಂಡಿದೆಯಂತೆ, ಮೈಮೇಲೆ ಬಿದ್ದು ಹಾಕದಿದ್ದರೆ ಮುಚ್ಚುವುದೇ ಇಲ್ಲವಂತೆ, ಮಾಲೀಕ ಕಿವಿಗೆ ಹಾಕಿಕೊಳ್ಳುವುದಿಲ್ಲವಂತೆ. ಬೆನ್ನ ಹಿಂದೆ ನಕ್ಕದ್ದು ನೆನಪಾಗಿ ಅಕ್ಕನಿಗೆ ಟೀ ನೆತ್ತಿಗೆ ಹತ್ತಿತು. ಮೆಷಿನ್ ಟಕಟಕ ಶುರುವಾಗಿ ಮೊದಲ ತುತ್ತೂರಿ ಮೂಡುವ ತನಕ ಧಡಾರಮ್ಮ ಕೂತೇ ನೋಡಿದಳು. ಹೊರಡುವಾಗ, "ಇನ್ನು ಇದನ್ನ ಆರಿಸಲೇಬೇಡಿ ಅಕ್ಕಾ. ನಮ್ಮ ಒಲೇನೂ ಹಂಗೇ, ಒಂದು ಸಲ ಹಚ್ಚಿದರೆ ಆರಿಸಲ್ಲ. ಆಗ ಯಾರನ್ನೂ ಕರೆಯೋ ತಾಪತ್ರಯ ಇರಲ್ಲ" ಅಂದಳು.

ಸಂಜೆ ತಂಗಿ ಫೋನ್ ಮಾಡಿದಳು. "ಎದ್ದಿತಾ? ಯಾರು ಹಿಡಿದರು?"

"ಎದುರುಮನೆಯವರು."

"ಧಡಾರಮ್ಮನಾ!" ತಂಗಿ ಬಿದ್ದು ಬಿದ್ದು ನಕ್ಕಳು.

"ನಗಬೇಡ. ಪಾಪ, ಅವಳ ಬಾಗಿಲೇ ಸರಿಯಿಲ್ಲ" ಅಂದಳು ಅಕ್ಕ. ತನಗೆ ಸಿಟ್ಟು ಬಂದದ್ದು ಕಂಡು ತಾನೇ ಬೆರಗಾದಳು.

"ಆಯ್ತು ಮಾರಾಯ್ತಿ, ನಗಲ್ಲ. ಆರಿಸದೆ ಹಾಗೇ ಬಿಡು. ಸದ್ಯ, ಇನ್ನು ನಿನಗೆ ಯಾರೂ ಬೇಕಾಗಲ್ಲ. ನನಗೂ ಒಂದು ಚಿಂತೆ ಕಳೀತು."

ಫೋನ್ ಇಟ್ಟ ಮೇಲೆ ಆ ಮಾತು ಕೋಣೆಯಲ್ಲೇ ಉಳಿಯಿತು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು ತಂಗಿ. ಅಕ್ಕನಿಗೆ ಅದು ಮುಳ್ಳಿನ ಹಾಗೆ ಚುಚ್ಚಿತು. ಮೇಜಿನ ಮೇಲೆ ಲ್ಯಾಪ್‌ಟಾಪ್ ಹಾಯಾಗಿ ಉರಿಯುತ್ತಿತ್ತು. ಬೆಳಗ್ಗೆಯೆಲ್ಲ ಏಳು ಏಳು ಅಂತ ಬೇಡಿಕೊಂಡದ್ದನ್ನು ಈಗ ನೋಡಿದರೆ ಯಾಕೋ ಸಂಕಟ. ಆರಿಸಲು ಬೆರಳು ಮುಂದೆ ಹೋಯಿತು, ಬ್ಯಾಂಡ್ ಮೇಷ್ಟ್ರ ಮುಖ ನೆನಪಾಗಿ ಹಿಂದೆ ಬಂತು. ಬುದ್ಧಿಯಿರುವವರು ಯಾರು ಆರಿಸುತ್ತಾರೆ? ಹಾಗೇ ಬಿಟ್ಟು ಮಲಗಿದಳು.

ಮರುದಿನ ಬೆಳಗಿನಿಂದ ತುತ್ತೂರಿಯ ಮೇಲೆ ತುತ್ತೂರಿ. ಸೂಜಿ ಓಡುತ್ತಿತ್ತು, ಎಲ್ಲ ಸರಿಯಾಗಿತ್ತು, ಮಾತನಾಡಲು ಮಾತ್ರ ಯಾರೂ ಇರಲಿಲ್ಲ. ಮಧ್ಯಾಹ್ನ ಎದುರು ಬಾಗಿಲಿನ ಸದ್ದಿಗೆ ಕಿವಿ ಕೊಟ್ಟಳು. ಸದ್ದಾಗಲಿಲ್ಲ. ಅದರ ಬದಲು ಅವಳದೇ ಬಾಗಿಲ ಮೇಲೆ ಟಕ್ ಟಕ್ ಅಂತು.

"ಅಕ್ಕಾ, ನಾನು. ಮನೆಗೆ ಹೋಗೋ ಮುಂಚೆ ಹಂಗೇ ಬಂದೆ. ಹಿಡೀಬೇಕಾ ಅಂತ ಕೇಳೋಣ ಅಂತ."

ಅಕ್ಕ ಲ್ಯಾಪ್‌ಟಾಪ್ ನೋಡಿದಳು. ಅದು ಉರಿಯುತ್ತಿತ್ತು. ಬೇಡ, ನಡೀತಾ ಇದೆ ಅಂದರೆ ಆಯಿತು. ಅವಳು ಸಂತೋಷ ಅಂತ ಹೇಳಿ ಮನೆಗೆ ಹೋಗುತ್ತಾಳೆ, ನಾಳೆ ಕೇಳುವುದಿಲ್ಲ, ನಾಡಿದ್ದು ಮತ್ತೆ ಇಬ್ಬರೂ ಗೋಡೆ ನೋಡಿಕೊಂಡು ಮೆಟ್ಟಿಲಿಳಿಯುತ್ತಾರೆ.

"ಬಂದೆ, ಬಂದೆ!" ಅಂತ ಕೂಗಿ, ಮೇಜಿನ ಮೇಲೆ ಬಗ್ಗಿ, ಗುಂಡಿಯನ್ನು ಬಲವಾಗಿ ಅದುಮಿ ಹಿಡಿದಳು. ಪರದೆ ಕಪ್ಪಾಯಿತು. ಸೂಜಿ ಅರ್ಧ ತುತ್ತೂರಿಯ ನಡುವೆ ಚುಚ್ಚಿದ್ದು ಚುಚ್ಚಿದಂತೆ ನಿಂತಿತು. ಅಕ್ಕ ತಲೆಗೂದಲು ಸರಿಮಾಡಿಕೊಂಡು ಬಾಗಿಲು ತೆಗೆದಳು.

"ಬನ್ನಿ ಬನ್ನಿ. ನೋಡಿ, ಮತ್ತೆ ಏಳ್ತಾನೇ ಇಲ್ಲ ಹಾಳಾದ್ದು. ಬೆಳಗ್ಗೆಯಿಂದ ಒದ್ದಾಡ್ತಿದ್ದೀನಿ."

ಧಡಾರಮ್ಮ ಒಳಗೆ ಬಂದಳು. ಹೊಲಿದಿಟ್ಟ ಕೋಟುಗಳ ರಾಶಿ ನೋಡಿದಳು. ಮೆಷಿನ್ನಿಗೆ ಬಿಗಿದ ಜೇಬನ್ನೂ, ಅದರಲ್ಲಿ ನೆಟ್ಟುನಿಂತ ಸೂಜಿಯನ್ನೂ ನೋಡಿದಳು. ಮೆಟ್ಟಿಲ ಮೇಲೆಲ್ಲ ಆ ಟಕಟಕ ಅವಳಿಗೆ ಕೇಳಿರಲೇಬೇಕು. ಅಕ್ಕನ ಕಿವಿಗಳು ಬಿಸಿಯಾದವು. ಧಡಾರಮ್ಮ ಕುರ್ಚಿ ಎಳೆದುಕೊಂಡು ಕೂತು, ಲ್ಯಾಪ್‌ಟಾಪಿನ ಮೂಲೆಗೆ ಎರಡೂ ಹೆಬ್ಬೆರಳು ಊರಿದಳು. ಬಿಸಿಬಿಸಿಯಾಗಿದ್ದ ಅದರ ಅಡಿಯನ್ನು ಬೆರಳುಗಳಿಂದ ಎತ್ತಿ ಹಿಡಿದಳು.

"ಒತ್ತಿ ಅಕ್ಕಾ," ಅಂದಳು. ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆಯೇ, "ನಾಳೆಯಿಂದ ಒಂದು ತುತ್ತೂರಿ ಪೂರ್ತಿ ಆದಮೇಲೆ ಆರಿಸಿ. ಬಟ್ಟೆ ಸುಮ್ಮನೆ ಹಾಳಾಗುತ್ತೆ. ನಾನು ಬಾಗಿಲಲ್ಲೇ ನಿಂತಿರ್ತೀನಿ, ನನಗೂ ಮನೇಲಿ ಕಾಯೋರು ಯಾರಿಲ್ಲ" ಅಂದಳು.